ಅಪ್‌ಡೇಟ್ ಮಾಡದೇ ಇರೋದು ಸೇವೆಯಲ್ಲ ಸ್ವಾಮಿ

ಒಂದು ವೆಬ್ ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ "ಯಾಕ್ರೀ ಇನ್ನೂ ಈ ಹಳೇ ಪಿಎಚ್‌ಪಿ ಇಟ್ಕೊಂಡಿದ್ದೀರಿ?" ಅಂತ ಕೇಳಿ ನೋಡಿ. "ನಮಗೆ ಗ್ರಾಹಕರೇ ಮುಖ್ಯ ಸಾರ್. ಹೊಸದು ಹಾಕಿದ್ರೆ ಅವರ ಸೈಟ್ ಕೆಟ್ಟುಹೋಗತ್ತೆ" ಅನ್ನುತ್ತಾರೆ. ಇನ್ನೊಂದು ಬಗೆಯ ಕಂಪನಿಗೆ ಫೋನ್ ಮಾಡಿ "ಹೇಳದೆ ಕೇಳದೆ ಎಲ್ಲಾ ಯಾಕ್ರೀ ಬದಲಾಯಿಸಿಬಿಟ್ರಿ?" ಅಂತ ಕೇಳಿ. "ತಂತ್ರಜ್ಞಾನ ಮುಂದೆ ಹೋಗ್ತಿದೆ ಸಾರ್, ನೀವೂ ಜೊತೆಗೆ ಬರಬೇಕು" ಅನ್ನುತ್ತಾರೆ. ಒಬ್ಬರು ಸೇವೆಯ ಹೆಸರಲ್ಲಿ ನಿಂತಲ್ಲೇ ನಿಂತಿದ್ದಾರೆ. ಇನ್ನೊಬ್ಬರು ತಂತ್ರಜ್ಞಾನದ ಹೆಸರಲ್ಲಿ ನಮ್ಮನ್ನು ಬಿಟ್ಟು ಓಡಿದ್ದಾರೆ. ಇಬ್ಬರೂ ಸೇರಿ ನಮ್ಮ ತಲೆಗೆ ತುಂಬಿರುವುದು ಇಷ್ಟು: ಇದೊಂದು ತಕ್ಕಡಿ, ಸೇವೆಯ ತಟ್ಟೆ ಏರಿದರೆ ತಂತ್ರಜ್ಞಾನದ ತಟ್ಟೆ ಇಳಿಯಲೇಬೇಕು, ಕಂಪನಿಯವರು ಪಾಪ ಹೇಗೋ ಸರಿತೂಗಿಸುತ್ತಿದ್ದಾರೆ.

ಈ ತಕ್ಕಡಿಯೇ ಸುಳ್ಳು ಅನ್ನೋದು ನನ್ನ ವಾದ. ಹೋಸ್ಟಿಂಗ್ ವ್ಯಾಪಾರದಲ್ಲಿ ಹೊಸ ತಂತ್ರಜ್ಞಾನವನ್ನು ಗ್ರಾಹಕನ ಕೆಲಸ ಕೆಡದ ಹಾಗೆ ತರುವುದೇ ಸೇವೆ. ಬೇರೆ ಸೇವೆ ಅಂತ ಅಲ್ಲಿ ಏನಿದೆ ಹೇಳಿ? ಜಾಗ ಬಾಡಿಗೆಗೆ ಕೊಡೋದಕ್ಕೆ ಯಾರಾದರೂ ಆದೀತು. ಆ ಜಾಗವನ್ನು ಸುಸ್ಥಿತಿಯಲ್ಲಿ ಇಡೋದಕ್ಕೆ ತಾನೇ ನಾವು ವರ್ಷಾ ವರ್ಷ ದುಡ್ಡು ಕಟ್ಟೋದು?

ಮೊದಲು ಅವರ ವಾದವನ್ನು ನ್ಯಾಯವಾಗಿ ಕೇಳೋಣ. ಶೇರ್ಡ್ ಹೋಸ್ಟಿಂಗ್ ಅಂದರೆ ಹಳೇ ಬೆಂಗಳೂರಿನ ವಠಾರ ಇದ್ದ ಹಾಗೆ. ಒಂದೇ ಸರ್ವರ್, ಅದರಲ್ಲಿ ನೂರಾರು ಸೈಟುಗಳ ಸಂಸಾರ. ಒಬ್ಬರದ್ದು ಸೀರೆ ಅಂಗಡಿ, ಇನ್ನೊಬ್ಬರದ್ದು ಟ್ಯೂಷನ್ ಸೆಂಟರ್, ಮತ್ತೊಬ್ಬರು ಹತ್ತು ವರ್ಷದ ಹಿಂದೆ ಅಣ್ಣನ ಮಗನ ಕೈಲಿ ಸೈಟ್ ಮಾಡಿಸಿ ಆಮೇಲೆ ಆ ಕಡೆ ತಿರುಗಿಯೂ ನೋಡಿಲ್ಲ. ಎಲ್ಲರಿಗೂ ಒಂದೇ ನೀರಿನ ಟ್ಯಾಂಕು, ಅದೇ ಪಿಎಚ್‌ಪಿ, ಅದೇ ಮೈಎಸ್‌ಕ್ಯೂಎಲ್. ಓನರ್ ಟ್ಯಾಂಕ್ ಬದಲಾಯಿಸಿದರೆ ಹೊಸ ನಲ್ಲಿ ಇದ್ದವರ ಮನೆಗೆ ನೀರು ಚೆನ್ನಾಗಿ ಬರುತ್ತೆ. ತುಕ್ಕು ಹಿಡಿದ ನಲ್ಲಿ ಇದ್ದವರ ಮನೆಯಲ್ಲಿ ಪೈಪು ಒಡೆಯುತ್ತೆ. ಒಡೆದವರು ಫೋನ್ ಮಾಡ್ತಾರೆ, ಬೈತಾರೆ, ಬೇರೆ ಕಡೆ ಹೋಗ್ತಾರೆ. ಚೆನ್ನಾಗಿ ಬಂದವರು ಥ್ಯಾಂಕ್ಸ್ ಹೇಳೋಕೆ ಫೋನ್ ಮಾಡಲ್ಲ. ಹಾಗಾಗಿ ಟ್ಯಾಂಕ್ ಮುಟ್ಟದೇ ಇರೋದೇ ಕ್ಷೇಮ ಅಂತ ಓನರ್ ತೀರ್ಮಾನ ಮಾಡ್ತಾನೆ.

ಇದು ಅರ್ಥವಾಗದ ಲೆಕ್ಕ ಏನಲ್ಲ. ಆದರೆ ಈ ಲೆಕ್ಕದ ಹೆಸರು ಸೇವೆ ಅಲ್ಲ. ಇದು ಫೋನ್ ಬಾರದಂತೆ ನೋಡಿಕೊಳ್ಳುವ ಲೆಕ್ಕ.

ಪಿಎಚ್‌ಪಿಯ ಕಥೆಯನ್ನೇ ತಗೊಳ್ಳಿ. ಪಿಎಚ್‌ಪಿ 5 ಬಿಡುಗಡೆಯಾಗಿದ್ದು 2004ರ ಜುಲೈನಲ್ಲಿ. ಮೂರು ವರ್ಷ ಕಳೆದರೂ ಎಷ್ಟೋ ಹೋಸ್ಟಿಂಗ್ ಕಂಪನಿಗಳು ಪಿಎಚ್‌ಪಿ 4ಕ್ಕೇ ಅಂಟಿಕೊಂಡಿದ್ದವು. ಕೇಳಿದರೆ "ಸಾಫ್ಟ್‌ವೇರ್‌ಗಳೆಲ್ಲ ಇನ್ನೂ 4ರಲ್ಲೇ ಓಡ್ತಿವೆ, ನಾವ್ಯಾಕೆ ಬದಲಾಗಬೇಕು?" ಅನ್ನುತ್ತಿದ್ದರು. ಸಾಫ್ಟ್‌ವೇರ್ ಬರೆಯುವವರನ್ನು ಕೇಳಿದರೆ "ಹೋಸ್ಟ್‌ಗಳಲ್ಲೆಲ್ಲ 4 ಇದೆ, 5ಕ್ಕೆ ಬರೆದರೆ ಯಾರು ಹಾಕ್ಕೋತಾರೆ?" ಅನ್ನುತ್ತಿದ್ದರು. ಮದುವೆ ಮನೆ ಊಟದ ಸಾಲಲ್ಲಿ "ನೀವು ಮೊದಲು ಕೂತ್ಕೊಳ್ಳಿ", "ಇಲ್ಲ ಇಲ್ಲ, ನೀವು ಕೂತ್ಕೊಳ್ಳಿ" ಅಂತ ಇಬ್ಬರು ಹಿರಿಯರು ನಿಂತುಬಿಟ್ಟರೆ ಹಿಂದಿನವರೆಲ್ಲ ಹಸಿದುಕೊಂಡು ಕಾಯ್ತಾರಲ್ಲ, ಹಾಗಾಗಿತ್ತು.

ಈ ಗಂಟು ಬಿಚ್ಚಿದವರು ಹೋಸ್ಟಿಂಗ್ ಕಂಪನಿಗಳಲ್ಲ. ಪಿಎಚ್‌ಪಿ ತಂಡದವರು 2007ರ ಕೊನೆಗೆ 4ರ ಕೆಲಸ ನಿಲ್ಲಿಸುತ್ತೇವೆ, ಸುರಕ್ಷತಾ ತಿದ್ದುಪಡಿ 2008ರ ಆಗಸ್ಟ್ 8ರವರೆಗೆ ಮಾತ್ರ ಅಂತ ದಿನ ಗೊತ್ತು ಮಾಡಿದರು. ಅದೇ ಹೊತ್ತಿಗೆ ದ್ರುಪಾಲ್, ಪಿಎಚ್‌ಪಿ-ಮೈಅಡ್ಮಿನ್ ತರಹದ ಮುಕ್ತ ತಂತ್ರಾಂಶ ಯೋಜನೆಗಳು 'ಗೋ ಪಿಎಚ್‌ಪಿ 5' ಅಂತ ಒಂದು ಅಭಿಯಾನ ಕಟ್ಟಿ, 2008ರ ಫೆಬ್ರವರಿ 5ರ ನಂತರದ ನಮ್ಮ ಹೊಸ ಆವೃತ್ತಿಗಳು 4ರಲ್ಲಿ ಓಡುವುದಿಲ್ಲ ಅಂತ ಒಟ್ಟಾಗಿ ಘೋಷಿಸಿದವು. ಸಂಬಳವಿಲ್ಲದೆ ಕೆಲಸ ಮಾಡುವ ಸ್ವಯಂಸೇವಕರು ಇವರಲ್ಲಿ ಎಷ್ಟೋ ಜನ. ತಿಂಗಳಾ ತಿಂಗಳಾ ಬಾಡಿಗೆ ತಗೊಳ್ಳೋ ಕಂಪನಿಗಳು ಮಾಡಬೇಕಿದ್ದ ಕೆಲಸವನ್ನು ಬಿಟ್ಟಿ ಕೆಲಸ ಮಾಡುವವರು ಮಾಡಬೇಕಾಯಿತು.

ಪಾಠ ಕಲಿತರಾ? ಇಲ್ಲ. ವರ್ಡ್‌ಪ್ರೆಸ್‌ನವರು 2011ರಲ್ಲಿ ತಮ್ಮ ಕನಿಷ್ಠ ಅಗತ್ಯವನ್ನು ಪಿಎಚ್‌ಪಿ 5.2.4ಕ್ಕೆ ಏರಿಸಿದರು. ಆ 5.2 ಸಾಲಿನ ಬೆಂಬಲ ಆ ವರ್ಷದ ಜನವರಿಯಲ್ಲೇ ನಿಂತಿತ್ತು! ಮುಂದೆ ಆ ಕನಿಷ್ಠ ಗೆರೆ 5.6ಕ್ಕೆ ಏರಿದ್ದು 2019ರ ಮೇ ತಿಂಗಳಲ್ಲಿ. ಅಷ್ಟರಲ್ಲಿ 5.6ರ ಬೆಂಬಲವೂ 2018ರ ಡಿಸೆಂಬರ್ 31ಕ್ಕೆ ಮುಗಿದಿತ್ತು. ಅಂದರೆ ಜಗತ್ತಿನ ಅತಿ ಜನಪ್ರಿಯ ಸೈಟ್ ತಂತ್ರಾಂಶ ತನ್ನ ಕನಿಷ್ಠ ಗೆರೆಯನ್ನು ಯಾವಾಗಲೂ ಸತ್ತ ಆವೃತ್ತಿಯ ಮೇಲೇ ಎಳೆಯಬೇಕಾಯಿತು. ಯಾಕೆಂದರೆ ಅದನ್ನು ಬಳಸುವವರ ಸೈಟುಗಳು ಕೂತಿದ್ದ ಸರ್ವರ್‌ಗಳು ಅಲ್ಲೇ ಇದ್ದವು.

"ಒಂದು ಬದಲಾಯಿಸಿದ್ರೆ ಎಲ್ಲರಿಗೂ ಬದಲಾಗತ್ತೆ ಸಾರ್" ಅನ್ನುವ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಈಗ ಅಲ್ಲ. ಹೋಸ್ಟಿಂಗ್ ಕಂಪನಿಗಳು ಹೆಚ್ಚಾಗಿ ಬಳಸುವ ಸಿಪ್ಯಾನೆಲ್‌ನಲ್ಲೇ ಒಂದು ಸರ್ವರ್‌ನ ಒಂದೊಂದು ಡೊಮೇನ್‌ಗೂ ಬೇರೆ ಬೇರೆ ಪಿಎಚ್‌ಪಿ ಆವೃತ್ತಿ ಕೊಡುವ ಸೌಲಭ್ಯ ಬಂದು ವರ್ಷಗಳಾದವು. ಅಂದರೆ ಈಗ ವಠಾರದ ಮನೆಮನೆಗೂ ಬೇರೆ ಬೇರೆ ಟ್ಯಾಂಕ್ ಇಡಬಹುದು. ತಾಂತ್ರಿಕ ಅಡ್ಡಿ ಹೋಯಿತು, ನೆಪ ಮಾತ್ರ ಉಳಿಯಿತು. ಪಿಎಚ್‌ಪಿ 7 ಬಂದಾಗ ಎಷ್ಟೋ ಸೈಟುಗಳು ಹಳೇ ಆವೃತ್ತಿಗಿಂತ ದುಪ್ಪಟ್ಟು ವೇಗವಾಗಿ ಓಡಬಲ್ಲವಾಗಿದ್ದವು. ಆಗಲೂ ಎಷ್ಟೋ ಕಂಪನಿಗಳು ಮಾಡಿದ್ದೇನು ಗೊತ್ತಾ? "ನಿಮ್ಮ ಸೈಟ್ ಸ್ಲೋ ಇದೆ, ದೊಡ್ಡ ಪ್ಲಾನ್‌ಗೆ ಬನ್ನಿ" ಅಂತ ಮೇಲ್ ಕಳಿಸಿದ್ದು.

ಇನ್ನು ಎಸ್‌ಎಸ್‌ಎಲ್ ಸರ್ಟಿಫಿಕೇಟಿನ ವಿಷಯ. ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಕಾಣುತ್ತಿತ್ತಲ್ಲ, ಅದು. ಮೊದಲು ಇದಕ್ಕೆ ವರ್ಷಕ್ಕೆ ಸಾವಿರಗಟ್ಟಲೆ ರೂಪಾಯಿ ಕೊಡಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ ಇದನ್ನು ಎಲ್ಲರಿಗೂ ಪುಕ್ಕಟೆ ಕೊಡಲು ಶುರು ಮಾಡಿತು. ಅವಧಿ ಮುಗಿಯುವ ಮೊದಲೇ ತಾನಾಗಿಯೇ ನವೀಕರಣ ಆಗುವ ಏರ್ಪಾಡು. ಹೋಸ್ಟಿಂಗ್ ಕಂಪನಿ ತನ್ನ ಸರ್ವರ್‌ನಲ್ಲಿ ಒಮ್ಮೆ ಜೋಡಿಸಿಟ್ಟರೆ ಗ್ರಾಹಕ ಏನೂ ಮಾಡಬೇಕಾಗಿಲ್ಲ.

ಸೈಟ್ ಕೆಡುವ ಭಯ ಇಲ್ಲಿ ಹೆಚ್ಚೇನೂ ಇರಲಿಲ್ಲ. ಗ್ರಾಹಕನಿಗೆ ಖರ್ಚಿಲ್ಲ. ಹಾಗಾದರೆ ಗ್ರಾಹಕರೇ ಮುಖ್ಯ ಅನ್ನುವವರೆಲ್ಲ ಓಡಿಬಂದು ಹಾಕಬೇಕಿತ್ತಲ್ಲ? ಕೆಲವರು ಹಾಕಿದರು, ಅವರಿಗೆ ನಮಸ್ಕಾರ. ಇನ್ನು ಕೆಲವರು "ಪುಕ್ಕಟೆ ಸರ್ಟಿಫಿಕೇಟ್ ನಂಬೋದಕ್ಕಾಗಲ್ಲ ಸಾರ್" ಅಂತ ಹೇಳಿ ತಮ್ಮ ಅಂಗಡಿಯ ಸರ್ಟಿಫಿಕೇಟನ್ನೇ ಮಾರುತ್ತಾ ಕೂತರು. 2018ರ ಜುಲೈನಲ್ಲಿ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ಪ್ರತಿ ಸೈಟಿನ ಮೇಲೂ 'ಸುರಕ್ಷಿತವಲ್ಲ' ಅನ್ನುವ ಪಟ್ಟಿ ಅಂಟಿಸತೊಡಗಿದಾಗ ಇಂಥ ಅಂಗಡಿಗಳಿಗೆ ಹಬ್ಬ. ಹೆದರಿದ ಗ್ರಾಹಕ ದುಡ್ಡು ಕೊಟ್ಟು ಕೊಂಡ. ಆದ್ದರಿಂದ 'ಹಳೇ ತಂತ್ರಜ್ಞಾನ ಉಳಿಸಿಕೊಳ್ಳೋದು ಗ್ರಾಹಕರ ಹಿತಕ್ಕಾಗಿ' ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವ ಪ್ರಶ್ನೆ, ಪುಕ್ಕಟೆ ಎಸ್‌ಎಸ್‌ಎಲ್ ನಿಮ್ಮಲ್ಲಿ ಯಾವಾಗ ಬಂತು? ಆ ಒಂದು ಉತ್ತರದಲ್ಲಿ ಹಿತ ಯಾರದ್ದು ಅನ್ನೋದು ಗೊತ್ತಾಗಿಬಿಡುತ್ತೆ.

"ಎಲ್ಲರೂ ದುಡ್ಡಿನ ಆಸೆಗೇ ಮಾಡ್ತಾರೆ ಅಂತ ಹೇಗೆ ಹೇಳ್ತೀರಿ? ನಿಜವಾಗಿ ಗ್ರಾಹಕರ ಬಗ್ಗೆ ಕಾಳಜಿ ಇರೋ ಕಂಪನಿಗಳೂ ಇವೆ" ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಅದಕ್ಕೇ ರ‍್ಯಾಕ್‌ಸ್ಪೇಸ್ ಕಥೆ ಹೇಳಬೇಕು. ಅಮೆರಿಕದ ಟೆಕ್ಸಾಸ್‌ನ ಈ ಕಂಪನಿ ಹೆಸರು ಮಾಡಿದ್ದೇ ಗ್ರಾಹಕ ಸೇವೆಗೆ. 'ಫೆನಟಿಕಲ್ ಸಪೋರ್ಟ್' ಅನ್ನೋದು ಅವರ ಘೋಷವಾಕ್ಯವಾಗಿತ್ತು, ಹುಚ್ಚು ಹಿಡಿದವರ ಹಾಗೆ ಸೇವೆ ಮಾಡ್ತೀವಿ ಅಂತ. 2022ರಲ್ಲಿ ಅವರು ನಡೆಸುತ್ತಿದ್ದ ಇಮೇಲ್ ಸರ್ವರ್‌ಗಳ ತಂತ್ರಾಂಶದಲ್ಲಿ, ಅಂದರೆ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿ, ರಂಧ್ರಗಳು ಸಿಕ್ಕವು. ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಬಿಡುಗಡೆ ಮಾಡಿತು. ಆ ತೇಪೆ ಹಾಕಿದರೆ ಲಾಗಿನ್ ತೊಂದರೆ ಆಗುತ್ತಿದೆ ಅನ್ನುವ ವರದಿಗಳನ್ನು ನೋಡಿ ರ‍್ಯಾಕ್‌ಸ್ಪೇಸ್ ಅದನ್ನು ಹಾಕದೆ ತಡೆಹಿಡಿಯಿತು. ಮೈಕ್ರೋಸಾಫ್ಟ್ ಮೊದಲೇ ಹೇಳಿದ್ದ ತಾತ್ಕಾಲಿಕ ಉಪಾಯವೊಂದನ್ನೇ ನಂಬಿಕೊಂಡಿತು. ಗ್ರಾಹಕರಿಗೆ ತೊಂದರೆ ಆಗಬಾರದಲ್ಲ!

ದಾಳಿಕೋರರು ಆ ಉಪಾಯವನ್ನೇ ದಾಟಿ ಒಳಗೆ ಬಂದರು. ಡಿಸೆಂಬರ್ 2ರಂದು ಇಡೀ ಎಕ್ಸ್‌ಚೇಂಜ್ ಸೇವೆ ನಿಂತುಹೋಯಿತು. ರ‍್ಯಾನ್ಸಮ್‌ವೇರ್. ಸಾವಿರಾರು ಸಣ್ಣ ವ್ಯಾಪಾರಿಗಳು, ವಕೀಲರು, ಅಂಗಡಿಯವರು ವರ್ಷಾಂತ್ಯದ ವ್ಯಾಪಾರದ ಹೊತ್ತಲ್ಲಿ ಇಮೇಲ್ ಇಲ್ಲದೆ ಕೂತರು. ಕೊನೆಗೆ ಆ ಸೇವೆಯನ್ನು ಮತ್ತೆ ಕಟ್ಟುವುದೇ ಇಲ್ಲ ಅಂತ ಕಂಪನಿ ಕೈಚೆಲ್ಲಿತು. ಸಣ್ಣ ಲಾಗಿನ್ ತೊಂದರೆ ತಪ್ಪಿಸಲು ಹೋಗಿ ಸೇವೆಯನ್ನೇ ಮುಚ್ಚಬೇಕಾಯಿತು. ಇದರಲ್ಲಿ ಕೆಟ್ಟ ಉದ್ದೇಶ ನನಗಂತೂ ಕಾಣಲ್ಲ. ಉದ್ದೇಶ ಒಳ್ಳೆಯದಿದ್ದರೂ ತಕ್ಕಡಿಯ ಲೆಕ್ಕದಲ್ಲಿ ಯೋಚಿಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಇವತ್ತು ನೂರು ಟಿಕೆಟ್ ಬರಬಾರದು ಅಂತ ಮುಂದೂಡಿದ ಕೆಲಸ, ನಾಳೆ ಹತ್ತು ಸಾವಿರ ಟಿಕೆಟ್ ಆಗಿ ಬರುತ್ತೆ.

ಹಾಗಂತ ಹೊಸದನ್ನು ತಂದು ತಲೆ ಮೇಲೆ ಸುರಿಯುವವರಿಗೆ ನಾನು ಚಪ್ಪಾಳೆ ಹೊಡೆಯುತ್ತೇನೆ ಅಂದುಕೊಳ್ಳಬೇಡಿ. ನನಗೆ ಪರಿಚಯದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತಿಯಾದ ಮೇಲೆ ಸಣ್ಣದೊಂದು ಪ್ರಕಾಶನ ನಡೆಸುತ್ತಾರೆ, ಅವರ ಸೈಟ್ ನೋಡಿಕೊಳ್ಳುವುದು ನಾನು. ಒಂದು ಸೋಮವಾರ ಬೆಳಗ್ಗೆ ಫೋನ್ ಮಾಡಿ, "ಏನಪ್ಪಾ ಇದು, ನಮ್ಮ ಪುಸ್ತಕಗಳೆಲ್ಲ ನನ್ನನ್ನೇ ಪ್ರಶ್ನೆ ಕೇಳ್ತಾ ಇವೆ?" ಅಂದರು. ತೆಗೆದು ನೋಡಿದರೆ ಪುಸ್ತಕದ ಹೆಸರು, ಲೇಖಕರ ಪರಿಚಯ, ಬೆನ್ನುಡಿ, ಎಲ್ಲಾ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ. 'ಕನ್ನಡ' ಅನ್ನೋ ಪದ ಇದ್ದಲ್ಲಿ '?????'. ಬೆಲೆ ಮತ್ತು ಫೋನ್ ನಂಬರ್ ಮಾತ್ರ ಸರಿಯಾಗಿ ಕಾಣುತ್ತಿದ್ದವು.

ಆಗಿದ್ದಿಷ್ಟು. ಹೋಸ್ಟಿಂಗ್ ಕಂಪನಿಯವರು ವಾರಾಂತ್ಯದಲ್ಲಿ ಎಲ್ಲರನ್ನೂ ಹೊಸ ಸರ್ವರ್‌ಗೆ ಸಾಗಿಸಿದ್ದರು. ಡೇಟಾಬೇಸಿನ ನಕಲು ತೆಗೆಯುವಾಗ ಅಕ್ಷರಗಳ ಸಂಕೇತವನ್ನು ಲ್ಯಾಟಿನ್-1 ಅಂತ ಬಿಟ್ಟಿದ್ದರು. ಲ್ಯಾಟಿನ್-1ರಲ್ಲಿ ಪಶ್ಚಿಮ ಯುರೋಪಿನ ಭಾಷೆಗಳಿಗೆ ಜಾಗ ಇದೆ, ಕನ್ನಡಕ್ಕಿಲ್ಲ. ಜಾಗ ಇಲ್ಲದ ಪ್ರತಿ ಅಕ್ಷರಕ್ಕೂ ತಂತ್ರಾಂಶ ಒಂದು '?' ಇಟ್ಟು ಮುಂದೆ ಹೋಗುತ್ತೆ. 'ಕನ್ನಡ' ಅನ್ನುವುದಕ್ಕೆ ಯೂನಿಕೋಡ್ ಲೆಕ್ಕದಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಅಂತ ಐದು ಸಂಕೇತಗಳು. ಅದಕ್ಕೇ ಐದು ಪ್ರಶ್ನೆ. ಒಮ್ಮೆ '?' ಆದ ಮೇಲೆ ಅದು ಮೊದಲು ಯಾವ ಅಕ್ಷರವಾಗಿತ್ತು ಅಂತ ಯಾವ ಬ್ರಹ್ಮನೂ ಹೇಳಲಾರ. ಹಳೇ ಸರ್ವರ್‌ನ ನಕಲು ಬೇಕು, ಅಷ್ಟೇ.

ಸಪೋರ್ಟ್ ಚಾಟ್‌ಗೆ ಹೋದೆ. ಅತ್ತ ಕಡೆಯ ಹುಡುಗ ತುಂಬಾ ವಿನಯವಂತ. "ಸಾರ್, ನಮ್ಮ ಕಡೆಯಿಂದ ನಿಮ್ಮ ಸೈಟ್ ಚೆನ್ನಾಗೇ ಓಪನ್ ಆಗ್ತಿದೆ" ಅಂದ. ಹೌದು, ಓಪನ್ ಆಗ್ತಿತ್ತು. ಅವರ ಪರೀಕ್ಷೆಯಲ್ಲಿ ಪುಟ ತೆರೆದರೆ ಪಾಸು, ಒಳಗೆ ಏನಿದೆ ಅನ್ನೋದು ಪ್ರಶ್ನೆಯೇ ಅಲ್ಲ. ಇಂಗ್ಲಿಷ್ ಅಕ್ಷರಗಳು ಯಾವ ಸಂಕೇತಕ್ಕೆ ಹೋದರೂ ಹಾಗೇ ಉಳಿಯುತ್ತವೆ, ಆದ್ದರಿಂದ ಅವರ ಬಹುಪಾಲು ಗ್ರಾಹಕರಿಗೆ ಏನೂ ಆಗಿರಲಿಲ್ಲ. ಆಗಿದ್ದು ಕನ್ನಡ, ತಮಿಳು, ಹಿಂದಿಯವರಿಗೆ. ಮೂರು ದಿನ, ನಾಲ್ಕು ಟಿಕೆಟ್. ಪ್ರತಿ ಟಿಕೆಟ್‌ಗೂ ಹೊಸ ಮನುಷ್ಯ, ಪ್ರತಿ ಸಲವೂ ಮೊದಲಿಂದ ಕಥೆ. ಕೊನೆಗೆ ಐದನೆಯವನು ಹಳೇ ನಕಲನ್ನು ಹುಡುಕಿ ಹತ್ತು ನಿಮಿಷದಲ್ಲಿ ಸರಿ ಮಾಡಿದ. ಅವನಿಗೆ ವಿಷಯ ಗೊತ್ತಿತ್ತು. ಅಷ್ಟು ದೊಡ್ಡ ಬದಲಾವಣೆಯ ವಾರದಲ್ಲಿ ವಿಷಯ ಗೊತ್ತಿರುವ ಆ ಒಬ್ಬನನ್ನು ಯಾಕೆ ಮೊದಲ ಸಾಲಿನಲ್ಲಿ ಕೂರಿಸಲಿಲ್ಲ ಅನ್ನೋದೇ ನನ್ನ ಸಿಟ್ಟು.

ಇಲ್ಲಿ ತಪ್ಪು ಹೊಸ ಸರ್ವರ್‌ನದ್ದಲ್ಲ, ನೆನಪಿಡಿ. ಸರ್ವರ್ ಬದಲಾಯಿಸಿದ್ದು ಸರಿ. ಬದಲಾವಣೆಯ ಜೊತೆಗೆ ಬರಬೇಕಿದ್ದ ಮನುಷ್ಯನನ್ನು ಕಳಿಸದೇ ಇದ್ದದ್ದು ತಪ್ಪು. ನಿಂತಲ್ಲೇ ನಿಂತವರು ಉಳಿಸುತ್ತಿರುವುದೂ ಅದೇ ಮನುಷ್ಯನ ಸಂಬಳ, ಬಿಟ್ಟು ಓಡುವವರು ಉಳಿಸುತ್ತಿರುವುದೂ ಅದೇ ಸಂಬಳ. ಗ್ರಾಹಕನ ಕೈ ಹಿಡಿದು ದಾಟಿಸಬಲ್ಲ ಅನುಭವಿ ಎಂಜಿನಿಯರ್ ದುಬಾರಿ. ಹಳೇದನ್ನು ಮುಟ್ಟದಿದ್ದರೆ ಅವನು ಬೇಕಾಗಿಲ್ಲ. ಹೊಸದನ್ನು ತಂದು ಎಸೆದು, ದೂರು ಬಂದರೆ ಚಾಟ್‌ಬಾಟ್‌ಗೆ ಕಟ್ಟಿಹಾಕಿದರೂ ಅವನು ಬೇಕಾಗಿಲ್ಲ. ಸೇವೆ ಮತ್ತು ತಂತ್ರಜ್ಞಾನದ ನಡುವಿನ ಜಗಳ ಅಂತ ನಮಗೆ ತೋರಿಸುತ್ತಿರುವುದರ ಒಳಗೆ ಇರೋದು ಈ ಒಂದು ಸಂಬಳದ ಉಳಿತಾಯ.

ಇದರ ಬಿಸಿ ತಟ್ಟುವುದು ಯಾರಿಗೆ? ನೀವು ಕೆಲಸ ಮಾಡುವ ಕಂಪನಿಗಲ್ಲ. ಅಲ್ಲಿ ಕ್ಲೌಡ್ ಇದೆ, ಡೆವ್‌ಆಪ್ಸ್ ತಂಡ ಇದೆ, ರಾತ್ರಿ ಎರಡು ಗಂಟೆಗೆ ಎದ್ದು ನೋಡುವ ಆನ್-ಕಾಲ್ ಎಂಜಿನಿಯರ್ ಇದ್ದಾನೆ. ಬಹುಶಃ ಅದು ನೀವೇ. ಬಿಸಿ ತಟ್ಟುವುದು ಮೇಷ್ಟ್ರ ಪ್ರಕಾಶನಕ್ಕೆ, ಊರಿನ ನಾಟಕ ತಂಡಕ್ಕೆ, ತಾಲ್ಲೂಕಿನ ಶಾಲೆಗೆ, ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ನಿಮ್ಮ ಚಿಕ್ಕಮ್ಮನಿಗೆ. ಅವರ ಪಾಲಿಗೆ ಸೈಟ್ ಒಂದು ವಾರ ನಿಂತರೆ ಅದು 'ಡೌನ್‌ಟೈಮ್' ಅಲ್ಲ, ಅಂಗಡಿ ಬಾಗಿಲು ಹಾಕಿದ ಹಾಗೆ. ಕನ್ನಡದಲ್ಲಿ ಬರೆದಿಟ್ಟ ಎಷ್ಟೋ ಬರಹಗಳು ಇಂಥ ಅಗ್ಗದ ಹೋಸ್ಟಿಂಗ್‌ಗಳಲ್ಲೇ ಇವೆ. ಒಂದು ಅಜಾಗರೂಕ ಸಾಗಾಟದಲ್ಲಿ ಅವು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಟ್ಟರೆ, ಕೇಳೋದಕ್ಕೆ ಬರೆದವರೇ ಇಲ್ಲದಿರಬಹುದು.

ಹಾಗಾದರೆ ಏನು ಮಾಡಬೇಕು? ಇದೇನು ರಾಕೆಟ್ ಹಾರಿಸೋ ಕೆಲಸವಲ್ಲ. ಬೆಸ್ಕಾಂನವರನ್ನು ನಾವು ದಿನಾ ಬೈತೀವಿ, ಆದರೆ ಅವರೂ ಕೂಡ ಲೈನ್ ಕೆಲಸ ಇದ್ದರೆ ಇಂಥ ದಿನ, ಇಂಥ ಬಡಾವಣೆಯಲ್ಲಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಕರೆಂಟ್ ಇರಲ್ಲ ಅಂತ ಪೇಪರ್‌ನಲ್ಲಿ ಹಾಕುತ್ತಾರೆ. ಹೋಸ್ಟಿಂಗ್ ಕಂಪನಿ ಕನಿಷ್ಠ ಅಷ್ಟು ಮಾಡಲಿ. ಹಳೇ ಆವೃತ್ತಿಗೆ ಒಂದು ಕೊನೆಯ ದಿನ ಗೊತ್ತು ಮಾಡಿ, ಆರು ತಿಂಗಳು ಮೊದಲೇ ತಿಳಿಸಲಿ. ಆ ಮೇಲ್‌ನಲ್ಲಿ 'ಪ್ರಿಯ ಗ್ರಾಹಕರೇ' ಅಂತ ಸುರು ಮಾಡಿ ಸುಮ್ಮನಾಗುವ ಬದಲು, ನಿಮ್ಮ ಸೈಟಿನಲ್ಲಿ ಯಾವುದು ಕೆಡಬಹುದು ಅಂತ ಹೇಳಲಿ. ಅವರ ಸರ್ವರ್‌ನಲ್ಲೇ ಇರುವ ಸೈಟ್, ಪರೀಕ್ಷೆ ಮಾಡುವ ಸಲಕರಣೆಗಳೂ ಇವೆ. ಹೊಸ ಆವೃತ್ತಿಯಲ್ಲಿ ಸೈಟಿನ ಒಂದು ಪರೀಕ್ಷಾ ನಕಲನ್ನು ಓಡಿಸಿ ಗ್ರಾಹಕನಿಗೆ ತೋರಿಸಲಿ. ಕೆಟ್ಟರೆ ಹಿಂದಕ್ಕೆ ಹೋಗುವ ದಾರಿ ಒಂದು ತಿಂಗಳಾದರೂ ತೆರೆದಿರಲಿ. ಆ ವಾರ ಫೋನ್ ಎತ್ತುವವನು ವಿಷಯ ಗೊತ್ತಿರುವವನಾಗಿರಲಿ. ಅಷ್ಟಾದ ಮೇಲೂ ಗ್ರಾಹಕ ಹಳೇದೇ ಬೇಕು ಅಂದರೆ, ಅದರ ಅಪಾಯ ಇದು, ಬೇರ್ಪಡಿಸಿ ಇಡುವ ಖರ್ಚು ಇಷ್ಟು ಅಂತ ಬರೆದು ಕೊಡಲಿ. ಸುಮ್ಮನೆ ಅವನ ಜೊತೆ ಇಡೀ ವಠಾರವನ್ನು ಅಪಾಯಕ್ಕೆ ತಳ್ಳುವುದು ಬೇಡ.

"ಇದೆಲ್ಲಾ ಮಾಡೋಕೆ ದುಡ್ಡು ಎಲ್ಲಿದೆ ಸಾರ್?" ಅಂತ ಕಂಪನಿಯವರು ಕೇಳುತ್ತಾರೆ. ಮೊದಲ ವರ್ಷ ಸೊಪ್ಪಿನ ಬೆಲೆಗೆ ಕೊಟ್ಟು, ನವೀಕರಣದ ಹೊತ್ತಿಗೆ ಅದರ ಎಷ್ಟೋ ಪಟ್ಟು ಕೀಳುತ್ತೀರಲ್ಲ, ಅಲ್ಲಿದೆ. 'ಅನ್‌ಲಿಮಿಟೆಡ್' ಅಂತ ದೊಡ್ಡದಾಗಿ ಬರೆದು ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಮಿತಿ ಹಾಕುವ ಜಾಹೀರಾತಿನ ಖರ್ಚಿನಲ್ಲಿದೆ. ಇಲ್ಲವೇ, ನಿಜವಾದ ಬೆಲೆ ಹೇಳಿ. ಮೇಷ್ಟ್ರಂಥವರು ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚು ಕೊಡೋದಕ್ಕೆ ಹಿಂದೆಮುಂದೆ ನೋಡಲ್ಲ. ಆದರೆ ಆ ದುಡ್ಡಿಗೆ ಒಬ್ಬ ಮನುಷ್ಯ ಸಿಗಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಈ ಪುಟ ಓದುತ್ತಿರುವ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಅಪ್ಪನಿಗೋ, ಅತ್ತೆಗೋ, ಊರಿನ ದೇವಸ್ಥಾನದ ಸಮಿತಿಗೋ ಒಂದು ಸೈಟ್ ಮಾಡಿಕೊಟ್ಟವರೇ. ನವೀಕರಣದ ಮೇಲ್ ಬಂದಾಗ ಕೂಪನ್ ಕೋಡ್ ಹುಡುಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನಿಮ್ಮಲ್ಲಿ ಈಗ ಯಾವ ಪಿಎಚ್‌ಪಿ ಇದೆ, ಅದರ ಬೆಂಬಲ ಯಾವತ್ತಿಗೆ ಮುಗಿಯುತ್ತೆ? ಬ್ಯಾಕಪ್ ಬೇರೆ ಕಟ್ಟಡದಲ್ಲಿದೆಯಾ ಅಥವಾ ಅದೇ ಸರ್ವರ್‌ನಲ್ಲಿದೆಯಾ? ಸರ್ವರ್ ಬದಲಾಯಿಸುವ ಮುಂಚೆ ಎಷ್ಟು ದಿನ ಮೊದಲು ಹೇಳ್ತೀರಿ? ನನ್ನ ಸೈಟಿನಲ್ಲಿರುವುದು ಕನ್ನಡ, ಅದು ಕನ್ನಡವಾಗೇ ಉಳಿಯುತ್ತೆ ಅಂತ ಯಾರು ನೋಡ್ತಾರೆ?

ಉತ್ತರ ಬರದಿದ್ದರೆ, ಅಥವಾ "ನಮಗೆ ಗ್ರಾಹಕರೇ ಮುಖ್ಯ ಸಾರ್" ಅನ್ನುವ ಅದೇ ಹಳೇ ಉತ್ತರ ಬಂದರೆ, ಡೇಟಾಬೇಸಿನ ನಕಲೊಂದನ್ನು ಇಳಿಸಿಕೊಳ್ಳಿ. ಅದನ್ನು ತೆರೆದು, ಅಕ್ಷರಗಳು ಅಕ್ಷರಗಳಾಗೇ ಇವೆಯಾ ಅಂತ ಒಮ್ಮೆ ನೋಡಿ. ಆಮೇಲೆ ಮನೆ ಬದಲಾಯಿಸಿ.